ಮಳೆಗಾಲಕ್ಕೊಂದು ಮುರುಗಲು ಸಾವರ್: ಮಸಾಲೆ ವೋಡ್ಕಾವನ್ನು ಮನೆಯಲ್ಲೇ ಹದ ಮಾಡುವ ಬಗೆ

ಗೊಜ್ಜು ಮಾಡಲು ಬರುವವರಿಗೆ ಸಾವರ್ ಮಾಡಲೂ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಕ್‌ಟೈಲ್ ಎಂದ ಕೂಡಲೇ ಅದು ಬೆಂಗಳೂರಿನ ದೊಡ್ಡ ಹೋಟೆಲಿನವರ ಕೆಲಸ, ಅದಕ್ಕೆ ಬೇರೆಯೇ ಸಾಮಾನು ಬೇಕು, ಬೇರೆಯೇ ಕೈ ಬೇಕು ಎಂದು ನಮ್ಮ ಕಡೆ ಹಲವರು ಹಿಂಜರಿಯುತ್ತಾರೆ. ಸಾವರ್ ಎಂದರೆ ಹುಳಿ, ಅಷ್ಟೇ. ಒಂದು ಮದ್ಯ, ಒಂದು ಹುಳಿ, ಒಂದು ಸಿಹಿ. ಈ ಮೂರೂ ಒಂದನ್ನೊಂದು ಮೀರದ ಹಾಗೆ ನೋಡಿಕೊಳ್ಳುವುದು. ಅಮ್ಮ ಗೊಜ್ಜಿಗೆ ಹುಳಿ ಬೆಲ್ಲ ಹಾಕಿ, ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, ‘ಇನ್ನೊಂದು ಚೂರು ಬೆಲ್ಲ ಬೇಕು’ ಅನ್ನುತ್ತಾಳಲ್ಲ, ಇಲ್ಲಿ ಬೇಕಾಗಿರುವುದೂ ಅದೇ ನಾಲಿಗೆ.

ಅಮೆರಿಕದಲ್ಲಿ ಜೆರ್ರಿ ಥಾಮಸ್ ಎಂಬಾತ 1862ರಲ್ಲಿ ಅಚ್ಚು ಹಾಕಿಸಿದ ಕೈಪಿಡಿಯಲ್ಲಿಯೇ ಸಾವರ್‌ಗಳ ಅಳತೆ ಇತ್ತು. ಆಗ ಅದು ಬ್ರಾಂದಿ, ಜಿನ್ನುಗಳಲ್ಲಿ ಮಾಡುವಂಥದ್ದು, ಹುಳಿಗೆ ನಿಂಬೆ. ಇವತ್ತಿಗೂ ಹೆಚ್ಚಿನ ಕಡೆ ಹುಳಿ ಎಂದರೆ ನಿಂಬೆಯೇ. ಆದರೆ ಮಲೆನಾಡಿನಲ್ಲಿ ಕೂತು ಹುಳಿಗೆ ನಿಂಬೆಯೊಂದನ್ನೇ ನೆನೆಯುವುದು ನನಗಂತೂ ಸರಿ ಕಾಣುವುದಿಲ್ಲ. ಮುರುಗಲು (ಪುನರ್ಪುಳಿ, ಕೋಕಂ ಎನ್ನುವುದೂ ಇದನ್ನೇ), ವಾಟೆ, ಉಪ್ಪಾಗೆ, ಅಮಟೆ, ದಾರೆಹುಳಿ, ಹೇರಳೆ, ಕಂಚಿ, ಗಜನಿಂಬೆ, ನೆಲ್ಲಿ, ಅಪ್ಪೆಮಿಡಿ... ಎಣಿಸುತ್ತ ಹೋದರೆ ಬೆರಳು ಸಾಲದು. ಒಂದೊಂದು ಕಾಲಕ್ಕೆ ಒಂದೊಂದು ಹುಳಿ. ವೋಡ್ಕಾಕ್ಕೆ ತನ್ನದೆನ್ನುವ ರುಚಿ ಹೆಚ್ಚಿಲ್ಲ, ಅದು ಬಿಳಿ ಗೋಡೆಯಿದ್ದ ಹಾಗೆ. ಯಾವ ಹುಳಿ ಹಾಕುತ್ತೀರೋ ಆ ಹುಳಿಯ ಕಾಲ ಅದರ ಮೇಲೆ ಮೂಡುತ್ತದೆ. ಅದಕ್ಕೇ ನಾನು ಜಿನ್ನು, ರಮ್ಮುಗಳನ್ನು ಬಿಟ್ಟು ಇದಕ್ಕೆ ವೋಡ್ಕಾ ಆರಿಸಿಕೊಂಡಿದ್ದು.

ಇಲ್ಲಿ ಹೇಳುತ್ತಿರುವುದು ಮಳೆಗಾಲದ ಪಾಕ. ಹುಳಿಗೆ ಒಣ ಮುರುಗಲು, ಸಿಹಿಗೆ ಜೋನಿಬೆಲ್ಲ (ಜೇನಿನಂತೆ ಹರಿಯುವ ಬೆಲ್ಲ), ಖಾರಕ್ಕೆ ಕಾಳುಮೆಣಸು, ಪರಿಮಳಕ್ಕೆ ಏಲಕ್ಕಿ. ನಾಲ್ಕೂ ನಮ್ಮ ತೋಟ, ಬೆಟ್ಟ, ಆಲೆಮನೆಗಳಿಂದಲೇ ಬರುವಂಥವು. ಚಳಿಗಾಲಕ್ಕೆ, ಬೇಸಿಗೆಗೆ ಏನು ಬದಲಿಸಬೇಕು ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಎರಡು ದಿನ ಮೊದಲು: ಮಸಾಲೆ ಊರಲು ಹಾಕುವುದು

ಶನಿವಾರ ಸಂಜೆಗೆ ಬೇಕಾದರೆ ಗುರುವಾರ ಸಂಜೆಯೇ ಕೆಲಸ ಶುರುವಾಗಬೇಕು. 375 ಮಿಲಿಯ ಒಂದು ಹಾಫ್ ಬಾಟಲಿ ವೋಡ್ಕಾ ಸಾಕು. ಎಂಟು ಲೋಟಕ್ಕೆ ಬರುತ್ತದೆ. ತೀರಾ ದುಬಾರಿಯದ್ದು ಬೇಡ, ಮಸಾಲೆ ಬಿದ್ದ ಮೇಲೆ ಆ ನಯ ನಾಲಿಗೆಗೆ ತಿಳಿಯುವುದೇ ಇಲ್ಲ. ತೀರಾ ಅಗ್ಗದ್ದೂ ಬೇಡ, ಅದರ ಘಾಟು ಯಾವ ಏಲಕ್ಕಿಗೂ ಅಡಗುವುದಿಲ್ಲ. ಹಸಿರು ಸೇಬು, ಕಿತ್ತಳೆ ಎಂದೆಲ್ಲ ಪರಿಮಳ ಸೇರಿಸಿದ ಬಾಟಲಿಗಳು ಬರುತ್ತವೆ, ಅವನ್ನು ಮುಟ್ಟಬೇಡಿ, ಸಾದಾ ವೋಡ್ಕಾವೇ ಆಗಬೇಕು. ನಮ್ಮಲ್ಲಿ ಸಿಗುವ ಹೆಚ್ಚಿನ ಬಾಟಲಿಗಳ ಮೇಲೆ ಆಲ್ಕೋಹಾಲ್ ಶೇ. 42.8 ಎಂದಿರುತ್ತದೆ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ.

ಮಸಾಲೆಗೆ ಕಾಳುಮೆಣಸು 20 ಕಾಳು, ಎರಡು ಇಂಚಿನ ಒಂದು ದಾಲ್ಚಿನ್ನಿ ಚಕ್ಕೆ, ಹಸಿರು ಏಲಕ್ಕಿ 6, ಲವಂಗ 2. ಜಾಪತ್ರೆ ಇದ್ದರೆ ಉಗುರಿನಷ್ಟು. ಕಾಳುಮೆಣಸನ್ನು ಕುಟ್ಟಾಣಿಯಲ್ಲಿ ಒಮ್ಮೆ ಜಜ್ಜಿದರೆ ಸಾಕು, ಕಾಳು ಎರಡು ಹೋಳಾದರೆ ಆಯಿತು. ಪುಡಿ ಮಾಡಬೇಡಿ, ಪುಡಿ ಮಾಡಿದರೆ ಬೇಗ ಖಾರ ಬಿಡುತ್ತದೆ, ಜೊತೆಗೆ ಎಷ್ಟು ಸೋಸಿದರೂ ತಳದಲ್ಲಿ ಕಸರು ಉಳಿಯುತ್ತದೆ. ಏಲಕ್ಕಿಯ ಸಿಪ್ಪೆ ಬಿಚ್ಚಿ ಕಾಳು ಬಿಡಿಸಿಕೊಳ್ಳಿ, ಸಿಪ್ಪೆಯನ್ನು ಚಹಾ ಪುಡಿಯ ಡಬ್ಬಿಗೆ ಹಾಕಿಬಿಡಿ. ಮಳೆಗಾಲದಲ್ಲಿ ಮಸಾಲೆ ಸಾಮಾನೆಲ್ಲ ತಂಪು ಹಿಡಿದಿರುತ್ತದೆ, ಕೆಲವೊಮ್ಮೆ ಮೇಲೆ ತೆಳ್ಳಗೆ ಬೂಷ್ಟೂ ಬಂದಿರುತ್ತದೆ. ಬೂಷ್ಟು ಬಂದದ್ದನ್ನು ಎಸೆದುಬಿಡಿ. ಬರೀ ತಂಪು ಹಿಡಿದಿದ್ದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಅರ್ಧ ನಿಮಿಷ ಬೆಚ್ಚಗೆ ಮಾಡಿ, ಆರಿಸಿ, ಆಮೇಲೆ ಜಜ್ಜಿ.

ಎಲ್ಲವನ್ನೂ ಒಟ್ಟಿಗೆ ಹಾಕಬಾರದು, ಇದು ಮುಖ್ಯ. ಒಂದೊಂದು ಮಸಾಲೆ ಒಂದೊಂದು ವೇಗದಲ್ಲಿ ಬಿಡುತ್ತದೆ. ಮೊದಲ ಸಂಜೆ ದಾಲ್ಚಿನ್ನಿ, ಕಾಳುಮೆಣಸು, ಜಾಪತ್ರೆಗಳನ್ನು ಅಗಲ ಬಾಯಿಯ ಗಾಜಿನ ಬಾಟಲಿಗೆ ಹಾಕಿ, ವೋಡ್ಕಾ ಸುರಿದು ಮುಚ್ಚಳ ಬಿಗಿ ಮಾಡಿ ಕತ್ತಲಲ್ಲಿಡಿ. ಮರುದಿನ ಸಂಜೆ ಏಲಕ್ಕಿ. ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಲವಂಗ. ಅದಕ್ಕೆ ನಾಲ್ಕು ಗಂಟೆ ಸಾಕು. ಲವಂಗದ ಯೂಜಿನಾಲ್ ಎನ್ನುವ ಎಣ್ಣೆಯಂಶ ಬಲು ಬೇಗ ಇಳಿದು ಮಿಕ್ಕಿದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಮೊದಲ ಸಲ ನಾನು ಎಲ್ಲವನ್ನೂ ಒಂದೇ ಬಾರಿ ಹಾಕಿ ನಾಲ್ಕು ದಿನ ಮರೆತಿದ್ದೆ. ಬಾಯಿಗಿಟ್ಟರೆ ಹಲ್ಲು ನೋವಿಗೆ ಹಚ್ಚುವ ಲವಂಗದ ಎಣ್ಣೆಯದ್ದೇ ರುಚಿ, ನಾಲಿಗೆಯ ತುದಿ ಮರಗಟ್ಟಿತು. ಇಡೀ ಬಾಟಲಿಯನ್ನು ಚೆಲ್ಲಬೇಕಾಯಿತು.

ಮಸಾಲೆಯ ಪರಿಮಳವೆಲ್ಲ ಎಣ್ಣೆಯಲ್ಲಿರುತ್ತದೆ, ಆ ಎಣ್ಣೆ ನೀರಿಗಿಂತ ಆಲ್ಕೋಹಾಲಿನಲ್ಲಿ ಸುಲಭವಾಗಿ ಕರಗುತ್ತದೆ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಕೂಡ ಹಾಗೆಯೇ, ನೀರಿನಲ್ಲಿ ಅದು ಕರಗುವುದು ತೀರಾ ಕಡಿಮೆ. ಕಷಾಯಕ್ಕೆ ಮೆಣಸನ್ನು ಕುದಿಸಿ ಕುದಿಸಿ ತೆಗೆಯುವ ಖಾರ ಇಲ್ಲಿ ತಣ್ಣಗೆ ಕೂತಲ್ಲೇ ಇಳಿದು ಬರುತ್ತದೆ. ಆದ್ದರಿಂದ ಬೇಗ ಆಗಲಿ ಎಂದು ವೋಡ್ಕಾವನ್ನು ಒಲೆಯ ಮೇಲಿಡುವ ಯೋಚನೆಯನ್ನೇ ಮಾಡಬೇಡಿ. ಅದರ ಆವಿಗೆ ಬೆಂಕಿ ತಗಲುವುದಕ್ಕೆ ಹೆಚ್ಚು ಬಿಸಿಯೇ ಬೇಡ, ಅಡುಗೆಮನೆಯಲ್ಲಿ ಅನಾಹುತ ಆದೀತು. ದಿನಕ್ಕೆರಡು ಬಾರಿ ಬಾಟಲಿಯನ್ನು ಕುಲುಕಿ, ಅರ್ಧ ಚಮಚ ತೆಗೆದು ಒಂದು ಚಮಚ ನೀರು ಬೆರೆಸಿ ರುಚಿ ನೋಡಿ. ನೀರು ಬೆರೆಸದೆ ನೋಡಿದರೆ ಮದ್ಯದ ಉರಿಯಲ್ಲಿ ಮಸಾಲೆ ಯಾವುದು ಎಂದು ಗೊತ್ತಾಗುವುದಿಲ್ಲ. ಗಂಟಲಿನ ಹಿಂಭಾಗದಲ್ಲಿ ಮೆಣಸು ಬೆಚ್ಚಗೆ ತಿಳಿದು, ಉಸಿರು ಬಿಟ್ಟಾಗ ಏಲಕ್ಕಿ ಬಂದರೆ ಅದೇ ಹದ. ಆ ಕ್ಷಣಕ್ಕೆ ಸೋಸಿಬಿಡಿ. ಮೊದಲು ಚಹಾ ಸೋಸುವ ಜಾಲರಿಯಲ್ಲಿ, ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ. ಹೀಗೆ ಸೋಸಿಟ್ಟದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ.

ಈ ಮೆಣಸಿನ ಬಗ್ಗೆ ಒಂದು ಮಾತು. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ನಮ್ಮ ಇಕ್ಕೇರಿಗೆ ಬಂದ. ಗೋವೆಯಿಂದ ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಬಂದವನು ಅವನು. ಆ ಕಾಲದಲ್ಲಿ ಪೋರ್ಚುಗೀಸರು ಕೆಳದಿ ಅರಸರೊಡನೆ ನಡೆಸುತ್ತಿದ್ದ ಮಾತುಕತೆಯಲ್ಲಿ ದೊಡ್ಡ ಪಾಲು ಕಾಳುಮೆಣಸಿನದು. ಅಷ್ಟು ದೂರದವರನ್ನು ಘಟ್ಟ ಹತ್ತಿಸಿದ ಬಳ್ಳಿ ನಮ್ಮ ಅಡಿಕೆ ಮರಕ್ಕೆ ಹಬ್ಬಿಕೊಂಡಿರುವಾಗ, ಎರಡು ವರ್ಷ ಹಳೆಯದಾದ ಪ್ಯಾಕೆಟ್ ಪುಡಿಯನ್ನು ಇದಕ್ಕೆ ಹಾಕಬೇಡಿ. ಮನೆಯಲ್ಲಿ ಇಲ್ಲದಿದ್ದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ನಿಮ್ಮ ಊರಿನ ಸಂತೆಯಲ್ಲೋ ಆ ವರ್ಷದ ಇಡೀ ಕಾಳು ಕೇಳಿ ತನ್ನಿ. ಬೆರಳಲ್ಲಿ ಉಜ್ಜಿದಾಗ ವಾಸನೆ ಬರಬೇಕು.

ಮುರುಗಲು ರಸ

ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಬೀಜ ತೆಗೆದು ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಮಳೆ ಬೇಗ ಬಂದ ವರ್ಷ ಉಳಿದ ಒಣಗಾಟ ಒಲೆಯ ಮೇಲಿನ ಅಟ್ಟದಲ್ಲಿ. ಬೀಜದಿಂದ ಮುರುಗಲು ತುಪ್ಪ ತೆಗೆದು ಒಡೆದ ಹಿಮ್ಮಡಿಗೆ ಹಚ್ಚುವುದೂ ಉಂಟು. ಹೀಗೆ ಬೇಸಿಗೆಯಲ್ಲಿ ಭರಣಿ ಸೇರಿದ ಸಿಪ್ಪೆಯೇ ಆಷಾಢದಲ್ಲಿ ಕೈಗೆ ಬರುವ ಹುಳಿ.

ಅಂಗಡಿಯಿಂದ ತರುವುದಾದರೆ ಉಪ್ಪು ಹಾಕದೆ ಒಣಗಿಸಿದ್ದು ಬೇಕೆಂದು ಕೇಳಿ. ಉಪ್ಪು ಹಾಕಿದ ಸಿಪ್ಪೆ ಸಾರಿಗೆ ಒಳ್ಳೆಯದೇ, ಆದರೆ ಇದಕ್ಕೆ ಆಗುವುದಿಲ್ಲ. ಎಷ್ಟು ತೊಳೆದರೂ ಉಪ್ಪು ಪೂರ್ತಿ ಹೋಗದು. 25 ಗ್ರಾಂ ಸಿಪ್ಪೆಯನ್ನು ಒಮ್ಮೆ ತೊಳೆದು 200 ಮಿಲಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಕೈಯಿಂದ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಹಿಂಡಿ. ದಟ್ಟ ಕೆಂಪು ರಸ ಸಿಗುತ್ತದೆ, ನಾಲ್ಕೈದು ಲೋಟಕ್ಕೆ ಸಾಕು. ನೆನೆಸುವುದಕ್ಕೆ ಗಾಜು, ಪಿಂಗಾಣಿ, ಸ್ಟೀಲ್ ಪಾತ್ರೆಗಳೇ ಆಗಬೇಕು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಬೇಡವೇ ಬೇಡ, ಹುಳಿ ಅವನ್ನು ತಿನ್ನುತ್ತದೆ.

ಎಲ್ಲ ಮರದ ಮುರುಗಲೂ ಒಂದೇ ಹುಳಿ ಇರುವುದಿಲ್ಲ. ಅದಕ್ಕೇ ಒಂದು ಚಮಚ ಈ ರಸ, ಒಂದು ಚಮಚ ನಿಂಬೆರಸ ಎರಡನ್ನೂ ಸರದಿಯಲ್ಲಿ ನಾಲಿಗೆಗೆ ಹಾಕಿ ನೋಡಿ. ಮುರುಗಲು ಬಹಳ ಸಪ್ಪೆ ಅನ್ನಿಸಿದರೆ ರಸವನ್ನು ಇನ್ನೊಂದು ಗಂಟೆ ಹೊಸ ಸಿಪ್ಪೆಯ ಮೇಲೆ ಬಿಡಿ. ಕುದಿಸಿ ಗಟ್ಟಿ ಮಾಡಲು ಹೋದರೆ ಆ ಹಣ್ಣಿನ ತಾಜಾತನ ಹೋಗಿ ಸಾರಿನ ವಾಸನೆ ಬರುತ್ತದೆ. ಮುರುಗಲಿನಲ್ಲಿ ಹುಳಿಯ ಹಿಂದೆಯೇ ಒಂದು ಒಗರೂ ಇದೆ. ಅದಕ್ಕೆ ಹೆದರಬೇಡಿ, ಮುಂದೆ ನೊರೆ ಅದನ್ನು ತಗ್ಗಿಸುತ್ತದೆ.

ಬೇಸಿಗೆಯಲ್ಲಿ ಸಕ್ಕರೆ ಹಾಕಿ ಬಿಸಿಲಿಗಿಟ್ಟು ಮಾಡಿದ ಮುರುಗಲು ಸಿರಪ್ ಮನೆಯಲ್ಲಿದ್ದರೆ ಅದೂ ಆದೀತು. ಆಗ ಜೋನಿಬೆಲ್ಲ ಹಾಕಬೇಡಿ, 30 ಮಿಲಿ ಸಿರಪ್ಪಿಗೆ 15 ಮಿಲಿ ನಿಂಬೆರಸ ಸೇರಿಸಿದರೆ ಹದ ಸಿಗುತ್ತದೆ. ರುಚಿ ನನಗೆ ಒಣ ಸಿಪ್ಪೆಯದ್ದೇ ಹೆಚ್ಚು ಇಷ್ಟ.

ಜೋನಿಬೆಲ್ಲದ ಪಾಕ

ಸಂಕ್ರಾಂತಿಯಿಂದ ಶಿವರಾತ್ರಿ ದಾಟುವವರೆಗೂ ನಡೆಯುವ ಆಲೆಮನೆಯಿಂದ ತಂದ ಜೋನಿಬೆಲ್ಲದ ಡಬ್ಬಿ ಮಲೆನಾಡಿನ ಬಹಳ ಮನೆಗಳಲ್ಲಿ ವರ್ಷವಿಡೀ ಇರುತ್ತದೆ. ದೋಸೆಗೆ ಹಾಕಿಕೊಳ್ಳುವ ಆ ಬೆಲ್ಲವನ್ನು ಹಾಗೆಯೇ ಹಾಕಿದರೆ ತಣ್ಣನೆಯ ಪಾನೀಯದಲ್ಲಿ ಕರಗದೆ ತಳಕ್ಕೆ ಕೂರುತ್ತದೆ. ಎರಡು ಪಾಲು ಜೋನಿಬೆಲ್ಲಕ್ಕೆ ಒಂದು ಪಾಲು ಬಿಸಿನೀರು ಬೆರೆಸಿ ಕಲಕಿ, ಬಟ್ಟೆಯಲ್ಲಿ ಸೋಸಿ ಆರಿಸಿ. ಉಂಡೆ ಬೆಲ್ಲವಾದರೆ ಸಮ ತೂಕದ ನೀರಿನಲ್ಲಿ ಕರಗಿಸಿ ಒಂದು ಕುದಿ ಬರಿಸಿ ಸೋಸಿಕೊಳ್ಳಿ.

ಬೆಲ್ಲ ಹಾಕಿದರೆ ಮುರುಗಲಿನ ಕೆಂಪು ಮಂಕಾಗುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಬೆಲ್ಲದ ಕಂದು ಬಣ್ಣ ಒಂದು ಕಾರಣ. ಬೆಲ್ಲ ಕಾಯಿಸುವಾಗ ಕೊಪ್ಪರಿಗೆಗೆ ಸುಣ್ಣ ಹಾಕುತ್ತಾರಲ್ಲ, ಅದು ಇನ್ನೊಂದು: ಮುರುಗಲಿನ ಬಣ್ಣ ಹುಳಿ ಇದ್ದಷ್ಟೂ ಕೆಂಪಗಿರುತ್ತದೆ, ಸುಣ್ಣದಂಶ ಸೇರಿದಂತೆ ಕಳೆಗುಂದುತ್ತದೆ. ಬಣ್ಣವೇ ಮುಖ್ಯ ಎನ್ನುವವರು ಸಕ್ಕರೆ ಪಾಕ ಮಾಡಿಕೊಳ್ಳಿ. ಆದರೆ ಜೋನಿಬೆಲ್ಲದಲ್ಲಿರುವ ಆ ಹೊಗೆಯ, ಕಬ್ಬಿನ, ಸ್ವಲ್ಪ ಉಪ್ಪುಪ್ಪಾದ ರುಚಿ ಕಾಳುಮೆಣಸಿನ ಜೊತೆ ಕೂಡಿಕೊಳ್ಳುವ ಹಾಗೆ ಸಕ್ಕರೆ ಎಂದೂ ಕೂಡಿಕೊಳ್ಳುವುದಿಲ್ಲ.

ನೊರೆಗೆ ಏನು

ಸಾವರ್‌ನ ಮೇಲೆ ಬೆಣ್ಣೆಯಂತೆ ಕೂರುವ ನೊರೆಗೆ ಹೊರಗಡೆ ಹಸಿ ಮೊಟ್ಟೆಯ ಬಿಳಿಭಾಗ ಹಾಕುತ್ತಾರೆ. ಒಂದು ಲೋಟಕ್ಕೆ 20 ಮಿಲಿ ಸಾಕು. ಅದರ ಪ್ರೋಟೀನು ಒಗರನ್ನು ಹಿಡಿದುಕೊಳ್ಳುವುದರಿಂದ ಮುರುಗಲಿಗೆ ಅದು ವಿಶೇಷವಾಗಿ ಹೊಂದುತ್ತದೆ. ಆದರೆ ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಇದ್ದೇ ಇದೆ, ಹುಳಿಯಾಗಲಿ ಮದ್ಯವಾಗಲಿ ಅದನ್ನು ಪೂರ್ತಿ ಕೊಲ್ಲುವುದಿಲ್ಲ. ಹಾಕುವುದಾದರೆ ಅಂದೇ ತಂದ, ಬಿರುಕಿಲ್ಲದ ಮೊಟ್ಟೆಯಿರಲಿ. ವಯಸ್ಸಾದವರಿಗೆ, ಆರೋಗ್ಯ ಸರಿಯಿಲ್ಲದವರಿಗೆ ಬೇಡ.

ನಮ್ಮ ಕಡೆ ಅಡುಗೆಮನೆಗೆ ಮೊಟ್ಟೆ ತರದ ಮನೆಗಳೇ ಹಲವು. ಅವರಿಗೂ, ಹಸಿ ಮೊಟ್ಟೆ ಬೇಡ ಎನ್ನುವವರಿಗೂ ನಾನು ಹೇಳುವುದು ಕಡಲೆ ಕಟ್ಟು. ಕಟ್ಟಿನ ಸಾರಿಗೆ ಬೇಳೆ ಬಸಿಯುತ್ತೇವಲ್ಲ, ಅದೇ ಕೆಲಸ. 100 ಗ್ರಾಂ ಕಾಬೂಲಿ ಕಡಲೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, 300 ಮಿಲಿ ಹೊಸ ನೀರಿನಲ್ಲಿ ಉಪ್ಪು ಹಾಕದೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಕಾಳು ಬೆಂದ ನೀರಿನಲ್ಲೇ ಪೂರ್ತಿ ಆರಲಿ. ಬಸಿದ ಕಟ್ಟನ್ನು ಸಣ್ಣ ಉರಿಯಲ್ಲಿ ಬತ್ತಿಸಿ, ಬೆರಳಿಗೆ ಮೊಟ್ಟೆಯ ಬಿಳಿಯಂತೆ ಲೋಳೆ ಹತ್ತಿದಾಗ ಇಳಿಸಿ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಲೋಟಕ್ಕೆ 25 ಮಿಲಿ. ಮೊಟ್ಟೆಯ ನೊರೆಗಿಂತ ಇದು ತುಸು ಹಗುರ, ಆದರೆ ವಾಸನೆಯಿಲ್ಲ. ಹೇಳಬೇಕೆಂದರೆ ಈಗ ನಾನು ಮೊಟ್ಟೆ ಇದ್ದಾಗಲೂ ಇದನ್ನೇ ಹಾಕುತ್ತೇನೆ. ಬೆಂದ ಕಡಲೆ ಉಸಲಿಗೆ ಆಯಿತು, ಸಾವರ್ ಜೊತೆಗೆ ತಿನ್ನುವುದಕ್ಕೂ ಅದೇ ಆಯಿತು.

ಸಾಮಾನು ಮತ್ತು ಐಸ್

ಶೇಕರ್ ಇಲ್ಲದಿದ್ದರೆ ಚಿಂತೆಯಿಲ್ಲ. ಬಿಗಿಯಾಗಿ ತಿರುಪು ಮುಚ್ಚಳ ಹಾಕುವ ಅರ್ಧ ಲೀಟರಿನ ಸ್ಟೀಲ್ ಡಬ್ಬಿ, ಇಲ್ಲವೇ ದಪ್ಪ ಗಾಜಿನ ಜಾಡಿ ಸಾಕು. ಅಳತೆಗೆ ಕೆಮ್ಮಿನ ಸಿರಪ್ಪಿನ ಬಾಟಲಿಯ ಮೇಲೆ ಬರುವ ಗೆರೆ ಹಾಕಿದ ಮುಚ್ಚಳ. ಸೋಸಲು ಚಹಾ ಜಾಲರಿ. ಒಂದು ಎಚ್ಚರ ಮಾತ್ರ: ಉಪ್ಪಿನಕಾಯಿ, ತೆಂಗಿನೆಣ್ಣೆ, ತುಪ್ಪ ಹಾಕಿಡುತ್ತಿದ್ದ ಡಬ್ಬಿ ಬೇಡ. ಎಣ್ಣೆಯ ಒಂದು ಪಸೆ ಉಳಿದರೂ ನೊರೆ ಏಳುವುದಿಲ್ಲ. ಎಷ್ಟು ಕುಲುಕಿದರೂ ನೊರೆ ಬರಲಿಲ್ಲ ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಇದೇ. ಸೀಗೆಪುಡಿಯಲ್ಲೋ ಸೋಪಿನಲ್ಲೋ ತೊಳೆದು ಕುದಿಯುವ ನೀರು ಸುರಿದು ಒರೆಸಿಕೊಳ್ಳಿ.

ಐಸನ್ನು ಮೂರು ದಿನ ಮೊದಲೇ ಮಾಡಿಕೊಳ್ಳಿ. ಪುನರ್ವಸು, ಪುಷ್ಯ ಮಳೆಯ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಮಳೆಗಾಲದ ಬಾವಿ ನೀರನ್ನು ಕುದಿಸಿ ಆರಿಸಿಯೇ ಐಸಿಗೆ ಇಡಬೇಕು, ಐಸಾದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಸಣ್ಣ ಟ್ರೇಗಿಂತ ಸ್ಟೀಲ್ ಬಟ್ಟಲುಗಳಲ್ಲಿ ದೊಡ್ಡ ಗಟ್ಟಿಗಳನ್ನು ಮಾಡಿ. ದೊಡ್ಡ ಗಟ್ಟಿ ನಿಧಾನವಾಗಿ ಕರಗುತ್ತದೆ, ಪಾನೀಯ ನೀರಾಗುವುದಿಲ್ಲ.

ಕೂಡಿಸುವ ಕ್ರಮ

ಒಂದು ಲೋಟಕ್ಕೆ: ಮಸಾಲೆ ವೋಡ್ಕಾ 45 ಮಿಲಿ, ಮುರುಗಲು ರಸ 30 ಮಿಲಿ, ಜೋನಿಬೆಲ್ಲದ ಪಾಕ 20 ಮಿಲಿ, ಕಡಲೆ ಕಟ್ಟು 25 ಮಿಲಿ, ಎರಡು ಬೆರಳಲ್ಲಿ ಹಿಡಿದಷ್ಟೇ ಉಪ್ಪು.

ಲೋಟವನ್ನು ಮೊದಲು ಫ್ರಿಜ್ಜಿನಲ್ಲಿಡಿ. ಕಟ್ಟೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಡಬ್ಬಿಗೆ ಸುರಿದು ಚಮಚದಲ್ಲಿ ಕಲಕಿ, ಇಲ್ಲಿ ನಿಂತು ರುಚಿ ನೋಡಿ. ಗೊಜ್ಜಿನ ನಾಲಿಗೆ ಬೇಕಾಗುವುದು ಈ ಹೊತ್ತಿಗೆ. ಐಸು ಕರಗಿ ನೀರು ಸೇರಲಿದೆ, ತಣ್ಣಗಾದಾಗ ಸಿಹಿಯೂ ಕಡಿಮೆ ಅನ್ನಿಸುತ್ತದೆ. ಹಾಗಾಗಿ ಈಗ ಹುಳಿಯೂ ಸಿಹಿಯೂ ಒಂದು ಹೆಜ್ಜೆ ಮುಂದೆಯೇ ಇರಬೇಕು. ಬಾಯಿ ಒಳಕ್ಕೆ ಎಳೆದುಕೊಳ್ಳುವಷ್ಟು ಹುಳಿ ಅನ್ನಿಸಿದರೆ 5 ಮಿಲಿ ಪಾಕ. ತುಟಿಗೆ ಅಂಟು ಅನ್ನಿಸಿದರೆ 5 ಮಿಲಿ ರಸ. ಒಮ್ಮೆಗೆ ಅದಕ್ಕಿಂತ ಹೆಚ್ಚು ಹಾಕಬೇಡಿ. ಎಲ್ಲ ಸರಿಯಿದ್ದೂ ಏನೋ ಕೊರತೆ ಅನ್ನಿಸಿದರೆ ಅದು ಹೆಚ್ಚಾಗಿ ಉಪ್ಪಿನ ಕೊರತೆ.

ಈಗ ಕಟ್ಟು ಸೇರಿಸಿ, ಮುಚ್ಚಳ ಬಿಗಿದು, ಐಸಿಲ್ಲದೆ ಇಪ್ಪತ್ತು ಎಣಿಸುವವರೆಗೆ ಜೋರಾಗಿ ಕುಲುಕಿ. ಐಸಿಲ್ಲದಿದ್ದಾಗಲೇ ನೊರೆ ಚೆನ್ನಾಗಿ ಕಟ್ಟುವುದು. ಮುಚ್ಚಳದ ಮೇಲೆ ಒಂದು ಕೈ ಒತ್ತಿಯೇ ಇರಲಿ. ಮುಚ್ಚಳ ತೆಗೆದು ನಾಲ್ಕೈದು ದೊಡ್ಡ ಐಸ್ ತುಂಡು ಹಾಕಿ ಮತ್ತೆ ಹದಿನೈದು ಎಣಿಸಿ. ಡಬ್ಬಿಯ ಹೊರಗೆ ಹನಿ ಕಟ್ಟಿದರೆ ಆಯಿತು ಎಂದು ಬೇರೆ ಊರಿನವರು ಹೇಳುವುದುಂಟು. ಆ ಗುರುತು ಮಳೆಗಾಲದ ಮಲೆನಾಡಿಗೆ ಸಲ್ಲದು. ಇಲ್ಲಿ ಗಾಳಿಯೇ ಒದ್ದೆ, ಐಸ್ ಬಿದ್ದ ಮರುಕ್ಷಣವೇ ಡಬ್ಬಿ ಬೆವರುತ್ತದೆ, ಒಳಗಿನದ್ದು ಇನ್ನೂ ತಣ್ಣಗಾಗಿರುವುದೇ ಇಲ್ಲ. ಹನಿ ನೋಡಬೇಡಿ, ಎಣಿಸಿ. ಹಿಡಿದ ಬೆರಳು ನೋಯುವಷ್ಟು ತಣ್ಣಗಾಗಬೇಕು.

ಜಾಲರಿಯ ಮೂಲಕ ತಣ್ಣನೆಯ ಲೋಟಕ್ಕೆ ಸೋಸಿ, ಐಸ್ ಚೂರು ಬೀಳದಿರಲಿ. ಅರ್ಧ ನಿಮಿಷ ಮುಟ್ಟದೆ ಬಿಡಿ. ತಿಳಿ ಕೆಳಗಿಳಿದು ಎರಡು ಬೆರಳಿನಷ್ಟು ನಸುಗೆಂಪು ನೊರೆ ಮೇಲೆ ನಿಲ್ಲುತ್ತದೆ. ಅದರ ಮೇಲೆ ಜಾಯಿಕಾಯಿಯನ್ನು ಎರಡು ಸಲ ತುರಿದರೆ ಮುಗಿಯಿತು. ಹಿತ್ತಿಲಲ್ಲಿ ಅರಿಶಿನ ಇದ್ದರೆ ಎಳೆ ಎಲೆಯ ಒಂದು ತುಂಡನ್ನು ಅಂಗೈಯಲ್ಲಿ ತಟ್ಟಿ ಲೋಟದ ಅಂಚಿಗೆ ಸಿಕ್ಕಿಸಿ. ಮೂಗು ಲೋಟಕ್ಕೆ ಹೋದ ಕೂಡಲೇ ಅರಿಶಿನ ಎಲೆಯ ಕಡುಬಿನ ಪರಿಮಳ ಬರುತ್ತದೆ. ಸಾಗರದ ಕಡೆಯ ನನ್ನ ಭಾವ ಮೊದಲ ಸಲ ಇದನ್ನು ಹಿಡಿದು, ‘ಎಂತದು ಮಾರಾಯ, ಮುರುಗಲು ಪಾನಕದ ಮೇಲೆ ಹಾಲಿನ ನೊರೆ?’ ಎಂದು ಕೇಳಿದ್ದರು. ‘ಕುಡಿದು ನೋಡಿ ಭಾವ’ ಎಂದೆ. ಅರ್ಧ ಲೋಟದವರೆಗೆ ಅವರು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, ‘ಮೆಣಸು ನಮ್ಮ ತೋಟದ್ದಾ?’

ಎಷ್ಟು ಕುಡಿಯಬೇಕು

ಸಿಹಿ, ಹುಳಿ, ನೊರೆಗಳ ಮರೆಯಲ್ಲಿ ಮದ್ಯ ನಾಲಿಗೆಗೆ ತಿಳಿಯುವುದಿಲ್ಲ, ಇದರ ಅಪಾಯವೇ ಅದು. ಲೆಕ್ಕ ಹಾಕಿದರೆ 45 ಮಿಲಿಯಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಐಸು ಕರಗಿ ಸೇರಿದ ನೀರನ್ನೂ ಹಿಡಿದರೆ ಲೋಟದಲ್ಲಿರುವುದು ಹೆಚ್ಚುಕಡಿಮೆ ಶೇ. 13, ವೈನಿನಷ್ಟು. ಪಾನಕ ಕುಡಿದ ಹಾಗೆ ಗಟಗಟ ಕುಡಿಯುವಂಥದ್ದಲ್ಲ. ನಾನು ಸಂಜೆಗೆ ಒಂದು ಮಾಡುತ್ತೇನೆ, ಅಪರೂಪಕ್ಕೆ ನೆಂಟರಿದ್ದಾಗ ಎರಡು. 21 ತುಂಬದವರಿಗೆ, ಬಸುರಿಯರಿಗೆ, ಬಾಣಂತಿಯರಿಗೆ, ಔಷಧಿ ನಡೆಯುತ್ತಿರುವವರಿಗೆ, ಕುಡಿತ ಬಿಟ್ಟವರಿಗೆ ಇದನ್ನು ಒತ್ತಾಯ ಮಾಡುವುದಿರಲಿ, ಕೇಳಲೂಬೇಡಿ.

ಕುಡಿದವರು ಅಂದು ರಾತ್ರಿ ಅಲ್ಲೇ ಉಳಿಯಬೇಕು. ಕಾನೂನಿನ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವುದು ಅಪರಾಧ. ಇಂಥ ಒಂದೇ ಲೋಟ ಹಲವರನ್ನು ಆ ಗೆರೆಯಾಚೆ ದಾಟಿಸುತ್ತದೆ. ಕಾನೂನು ಇಲ್ಲದಿದ್ದರೂ ಮಂಜು ಕವಿದ, ಅಂಚಿಗೆ ಪಾಚಿ ಹಿಡಿದ ಆಗುಂಬೆ ಘಾಟಿಯ ತಿರುವುಗಳಿಗೆ ಪೂರ್ತಿ ಎಚ್ಚರವಿರುವ ಕಣ್ಣು ಬೇಕು. ನೆಂಟರನ್ನು ಕರೆಯುವಾಗಲೇ ಹಾಸಿಗೆ ಲೆಕ್ಕ ಹಾಕಿಕೊಂಡು ಕರೆಯಿರಿ.

ಮದ್ಯ ಬೇಡದವರಿಗೂ ಅದೇ ಲೋಟ, ಅದೇ ನೊರೆ ಕೊಡಬಹುದು. ವೋಡ್ಕಾದ ಜಾಗಕ್ಕೆ ಮೆಣಸು, ದಾಲ್ಚಿನ್ನಿ, ಏಲಕ್ಕಿ ಹಾಕಿ ಕುದಿಸಿ ತಣಿಸಿದ ಹಾಲಿಲ್ಲದ ಚಹಾ ಕಷಾಯ 45 ಮಿಲಿ. ಚಹಾದ ಒಗರು ಮದ್ಯದ ಬಿಗಿಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ನಮ್ಮಲ್ಲಿ ಅತ್ತಿಗೆಗೆ ಪ್ರತಿ ಸಲ ಇದೇ.

ಉಳಿದ ಕಾಲಕ್ಕೆ

ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಬಂದಾಗ ಅದರ ರಸ 30 ಮಿಲಿಗೆ ಗಜನಿಂಬೆ ರಸ 15 ಮಿಲಿ. ಕಿತ್ತಳೆಯೊಂದೇ ಆದರೆ ಹುಳಿ ಸಾಲದು. ಮೆಣಸಿನ ಬದಲು ಬೆರಳುದ್ದದ ಹಸಿ ಶುಂಠಿಯನ್ನು ಬಿಲ್ಲೆ ಮಾಡಿ ಒಂದು ದಿನ ಊರಿಸಿ. ಆಲೆಮನೆ ಹತ್ತಿರವಿದ್ದರೆ ಪಾಕ ಬಿಟ್ಟು, ಆಗ ತಾನೇ ಅರೆದ ಕಬ್ಬಿನ ಹಾಲು 40 ಮಿಲಿ ಹಾಕಿ ನೋಡಿ. ಆದರೆ ಅದು ಅಂದಂದೇ ಆಗಬೇಕು, ಸಂಜೆಗೆ ಹುಳಿ ಹಿಡಿಯಲು ಶುರುವಾಗುತ್ತದೆ. ಹೇರಳೆಯನ್ನೂ ಹಾಕಬಹುದು, ಹಿಂಡಿದ ಕೂಡಲೇ ಬಳಸಿದರೆ ಮಾತ್ರ. ತಡ ಮಾಡಿದರೆ ಕಹಿ ಏಳುತ್ತದೆ.

ಬೇಸಿಗೆಗೆ ಮಾವು. ಅಪ್ಪೆಮಿಡಿಯಲ್ಲಿ ಜೀರಿಗೆ ಪರಿಮಳದ್ದು ಸಿಕ್ಕಿದರೆ ಅದಕ್ಕೆ ಬೇರೆ ಮಸಾಲೆಯೇ ಬೇಡ. ಸೊನೆ ಪೂರ್ತಿ ಬಸಿದು, ತೊಳೆದು, ಜಜ್ಜಿದ ನಾಲ್ಕು ಮಿಡಿಗಳನ್ನು ಒಂದು ದಿನ ವೋಡ್ಕಾದಲ್ಲಿ ಬಿಡಿ. ಹುಳಿಗೆ ಬೇಯಿಸಿ ಕಿವುಚಿದ ಮಾವಿನಕಾಯಿಯ ತಿಳಿ, ಅಪ್ಪೆಹುಳಿಗೆ ಮಾಡಿದಂತೆಯೇ. ಖಾರಕ್ಕೆ ಒಂದೇ ಒಂದು ಸೂಜಿಮೆಣಸನ್ನು ಸೀಳಿ ಇಪ್ಪತ್ತು ನಿಮಿಷ ಊರಿಸಿ ತೆಗೆದುಬಿಡಿ. ಒಂದು ಗಂಟೆ ಬಿಟ್ಟಿರೋ, ಕುಡಿಯಲಾಗದು.

ಹಿಂಡಿ ಉಳಿದ ಮುರುಗಲು ಸಿಪ್ಪೆಯಲ್ಲಿ ಇನ್ನೂ ಒಂದು ಬಾರಿಯ ಹುಳಿ ಇರುತ್ತದೆ. ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಮರುದಿನ ನೀರು ಬೆಲ್ಲ ಉಪ್ಪು ಹಾಕಿ ಕುದಿಸಿ, ತುಪ್ಪದಲ್ಲಿ ಜೀರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮಧ್ಯಾಹ್ನದ ಅನ್ನಕ್ಕೆ ಸಾರಾಗುತ್ತದೆ.